ಸಬ್‌ಸ್ಟೇಷನ್ ಬೇಕು ಅನ್ನುವವರು ಕೈ ಎತ್ತಿ

ನಿಮ್ಮ ಪ್ರಶ್ನೆ ಇದು: ನಿಮ್ಮ ಜಿಲ್ಲೆಯ ವಾಣಿಜ್ಯ ಸಂಘದವರು ಬಜೆಟ್‌ಗೆ ಮುಂಚೆ ಸರ್ಕಾರಕ್ಕೆ ಒಂದು ಮನವಿ ಕೊಟ್ಟಿದ್ದಾರೆ. ರಿಂಗ್ ರೋಡ್, ರೈಲ್ವೆ ಗೂಡ್ಸ್ ಶೆಡ್, ಸಬ್‌ಸ್ಟೇಷನ್, ತೆರಿಗೆ ರಿಯಾಯಿತಿ ಎಲ್ಲ ಕೇಳಿದ್ದಾರೆ. ಸರ್ಕಾರ ಇದಕ್ಕೆಲ್ಲ ದುಡ್ಡು ಹಾಕಿದರೆ ರಾಜ್ಯವೇ ಬೆಳೆಯುತ್ತೆ ಅಂತಿದ್ದಾರೆ. ಇದು ನಿಜವಾ, ಇಲ್ಲ ತಮ್ಮ ಬೇಳೆ ಬೇಯಿಸಿಕೊಳ್ಳುವ ದಾರಿಯಾ? ಸರ್ಕಾರದ ಹತ್ತಿರ ದುಡ್ಡಾದರೂ ಎಲ್ಲಿದೆ?

ಅವರ ಬೇಳೆ ಬೇಯುತ್ತೆ, ಅದರಲ್ಲಿ ಅನುಮಾನ ಬೇಡ. ಅದೇ ಒಲೆಯ ಮೇಲೆ ಬೇರೆಯವರ ಅನ್ನವೂ ಬೇಯುತ್ತಾ ಅನ್ನುವುದನ್ನು ನೋಡಿ. ಜೊತೆಗೆ, ಸೌದೆಗೆ ಅವರೇನಾದರೂ ಕೈಯಿಂದ ಹಾಕ್ತಾರಾ ಅನ್ನುವುದನ್ನೂ ನೋಡಿ.

ನಾನು ಸಣ್ಣ ವರ್ಕ್‌ಶಾಪ್ ನಡೆಸುವವನು. ಮೂರು ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಮಷಿನ್, ಎರಡು ಹಳೇ ಲೇಥ್, ಹನ್ನೊಂದು ಜನ. ಪಂಪಿನ ಶಾಫ್ಟು, ಬುಷ್ಷು ಇಂಥವು ಮಾಡಿ ಕೊಡುತ್ತೇವೆ. ನಮ್ಮ ಇಂಡಸ್ಟ್ರಿಯಲ್ ಏರಿಯಾದ ಸಂಘದ ಕಮಿಟಿಯಲ್ಲಿ ಆರು ವರ್ಷ ಇದ್ದೆ. ಊರಿನ ಹೆಸರು ಬೇಡ ಬಿಡಿ. ಇಂಥ ಮನವಿಗಳನ್ನು ಟೈಪ್ ಮಾಡಿಸಿ, ಸಹಿ ಹಾಕಿಸಿ, ಶಾಲು ಹಾರ ಹಿಡಿದುಕೊಂಡು ಹೋಗಿ ಫೋಟೋಗೆ ನಿಂತವರಲ್ಲಿ ನಾನೂ ಒಬ್ಬ.

ಮೊದಲು ಕರೆಂಟಿನ ಕಥೆ ಹೇಳ್ತೀನಿ. ಸಿಎನ್‌ಸಿಯಲ್ಲಿ ಜಾಬ್, ಅಂದರೆ ಕೆತ್ತುವ ಬಿಡಿಭಾಗ, ಓಡುತ್ತಿರುವಾಗ ಕರೆಂಟು ಹೋದರೆ ಮನೆಯಲ್ಲಿ ಲೈಟು ಹೋದ ಹಾಗಲ್ಲ. ಕೆತ್ತುವ ಚೂಪಾದ ಚೂರು, ಇನ್ಸರ್ಟ್ ಅಂತೀವಿ, ಕಬ್ಬಿಣದೊಳಗೆ ಕಚ್ಚಿಕೊಂಡಿರುತ್ತೆ, ಅಷ್ಟರಲ್ಲಿ ತಿರುಗುವ ಸ್ಪಿಂಡಲ್ ನಿಲ್ಲುತ್ತೆ. ಟಕ್ ಅಂತ ಒಂದು ಸದ್ದು. ಇನ್ಸರ್ಟ್ ಮುರೀತು, ಜಾಬ್ ಮೇಲೆ ಗೀರು ಬಿತ್ತು, ಅದು ಗುಜರಿಗೆ. ಜನರೇಟರ್ ಶುರುವಾಗೋದು ಆಮೇಲೆ. ಒಂದು ಬೇಸಿಗೆಯಲ್ಲಿ ದಿನಕ್ಕೆ ಆರೇಳು ಸಲ ಹೀಗಾಗುತ್ತಿತ್ತು. ಇಡೀ ಏರಿಯಾಗೆ ಇದ್ದದ್ದು ಒಂದೇ ಹಳೇ ಫೀಡರ್, ಅಂದರೆ ಕರೆಂಟು ತರುವ ಲೈನು. ಹೊಸ ಸಬ್‌ಸ್ಟೇಷನ್ ಬೇಕು ಅಂತ ಎಲ್ಲರೂ ಒಂದೇ ಬಾಯಲ್ಲಿ ಹೇಳುತ್ತಿದ್ದರು.

ಮನವಿ ಬರೆಯಲು ಸಂಘದ ಹಾಲ್‌ನಲ್ಲಿ ಸಭೆ ಸೇರಿತು. ಹದಿನಾಲ್ಕು ಬೇಡಿಕೆಗಳ ಪಟ್ಟಿ ರೆಡಿಯಾಗಿತ್ತು. ಅದರಲ್ಲಿ ಆರು ರಿಯಾಯಿತಿ, ಸಬ್ಸಿಡಿ, ಬಡ್ಡಿ ಮನ್ನಾ ಇಂಥವು. ಕೊನೇ ಸಾಲಿನಲ್ಲಿ ಫೌಂಡ್ರಿ ನಡೆಸುವ ಹಿರಿಯರೊಬ್ಬರು ಕೂತಿದ್ದರು. ಸಭೆಗಳಲ್ಲಿ ಅವರು ಮಾತಾಡುವುದೇ ಅಪರೂಪ. ಅವತ್ತು ಎದ್ದು ನಿಂತು, 'ಸಬ್‌ಸ್ಟೇಷನ್ ಬೇಕು ಅನ್ನುವವರು ಕೈ ಎತ್ತಿ' ಅಂದರು. ಹಾಲ್‌ನಲ್ಲಿದ್ದ ಅರವತ್ತು ಚಿಲ್ಲರೆ ಜನ ಅಷ್ಟೂ ಮಂದಿ ಎತ್ತಿದರು. 'ಸರಿ. ಅದು ಬಂದ ಮೇಲೆ ಹೆಚ್ಚಿಗೆ ಲೋಡ್ ತಗೊಳ್ತೀವಿ, ಅಂದರೆ ಜಾಸ್ತಿ ಕರೆಂಟಿಗೆ ಬರೆಸಿಕೊಳ್ತೀವಿ ಅನ್ನುವವರು ಮಾತ್ರ ಕೈ ಇಳಿಸಬೇಡಿ' ಅಂದರು.

ಉಳಿದದ್ದು ಹತ್ತೊಂಬತ್ತು ಕೈ. ನನ್ನದೂ ಅರ್ಧ ಇಳಿದು ಮತ್ತೆ ಮೇಲೆ ಹೋಯಿತು. ಯಾಕೆಂದರೆ ಲೋಡ್ ಜಾಸ್ತಿ ಮಾಡಿಸಿದರೆ ಡೆಪಾಸಿಟ್ ಕಟ್ಟಬೇಕು. ಮಷಿನ್ ಓಡಲಿ ಬಿಡಲಿ, ತಿಂಗಳು ತಿಂಗಳು ಫಿಕ್ಸೆಡ್ ಚಾರ್ಜ್ ಬರುತ್ತೆ. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಅಂತಿದ್ದಾಗ ಇದ್ದ ಉತ್ಸಾಹ, ನಮ್ಮ ಜೇಬಿನ ಮಾತು ಬಂದ ತಕ್ಷಣ ಇಳಿದು ಹೋಯಿತು.

ಆ ಹಿರಿಯರು ಕೇಳಿದ ಪ್ರಶ್ನೆ ಹೊಸದೇನಲ್ಲ. ನಮ್ಮ ರಾಜ್ಯದಲ್ಲಿ ಕರೆಂಟಿನ ಕಥೆ ಶುರುವಾಗಿದ್ದೇ ಅಲ್ಲಿಂದ. ಕೋಲಾರದ ಚಿನ್ನದ ಗಣಿಗಳು ಮೊದಲು ಉಗಿ ಯಂತ್ರದ ಮೇಲೆ ನಡೆಯುತ್ತಿದ್ದವು. ಕಲ್ಲಿದ್ದಲು ದೂರದಿಂದ ಬರಬೇಕು, ಖರ್ಚು ಜಾಸ್ತಿ. ಆಗ ಮೈಸೂರಿನ ದಿವಾನರು ಶೇಷಾದ್ರಿ ಅಯ್ಯರ್. ಶಿವನಸಮುದ್ರದಲ್ಲಿ ಕಾವೇರಿಯಿಂದ ಕರೆಂಟು ತೆಗೆದು, ಸುಮಾರು 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ಕೊಡುವ ಯೋಜನೆಗೆ ಸಂಸ್ಥಾನ ದುಡ್ಡು ಹಾಕಿತು. ಅಷ್ಟು ದೂರ ಕರೆಂಟು ಸಾಗಿಸುವುದು ಆ ಕಾಲಕ್ಕೆ ಲೋಕದಲ್ಲೇ ಅಪರೂಪ. ಧೈರ್ಯ ಹೇಗೆ ಬಂತು? ಕರೆಂಟು ಕೊಳ್ಳುತ್ತೇವೆ ಅಂತ ಗಣಿ ಕಂಪನಿಗಳು ಕರಾರು ಮಾಡಿಕೊಟ್ಟಿದ್ದವು. 1902ರ ಜೂನ್‌ನಲ್ಲಿ ಗಣಿಗೆ ಕರೆಂಟು ಹೋಯಿತು. ಬೆಂಗಳೂರಿನ ಬೀದಿ ದೀಪ ಹತ್ತಿದ್ದು ಅದಾಗಿ ಮೂರು ವರ್ಷಕ್ಕೆ, 1905ರಲ್ಲಿ. ರಾಜಧಾನಿ ಮೈಸೂರಿಗೆ ಬಂದದ್ದು ಇನ್ನೂ ಆಮೇಲೆ.

ಇದರಲ್ಲಿ ಗಣಿಯವರಿಗೆ ಲಾಭ ಆಯಿತಾ? ಭರ್ಜರಿಯಾಗಿ ಆಯಿತು, ಅದೂ ಬ್ರಿಟಿಷ್ ಕಂಪನಿಗಳಿಗೆ. ತಂತಿ ಹಾದು ಹೋದ ದಾರಿಯ ಹಳ್ಳಿಗಳು ಇನ್ನೂ ಎಷ್ಟೋ ದಶಕ ಸೀಮೆಎಣ್ಣೆ ಬುಡ್ಡಿಯಲ್ಲೇ ಇದ್ದವು. ಅದನ್ನು ಮುಚ್ಚಿಡಬಾರದು. ಆದರೆ ಮುಂದೇನಾಯಿತು ನೋಡಿ. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಶಿವನಸಮುದ್ರದಲ್ಲಿ ಕರೆಂಟು ಕಮ್ಮಿ, ಗಣಿಗೆ ಕೊಟ್ಟ ಮಾತು ಉಳಿಸಿಕೊಳ್ಳೋದು ಕಷ್ಟ. ಮೇಲೆ ಎಲ್ಲಾದರೂ ನೀರು ಹಿಡಿದಿಡಬೇಕಿತ್ತು. ಕನ್ನಂಬಾಡಿ ಕಟ್ಟೆಗೆ ವಿಶ್ವೇಶ್ವರಯ್ಯನವರು ಮುಂದಿಟ್ಟ ವಾದದಲ್ಲಿ ಬೇಸಾಯದ ಜೊತೆಗೆ ಇದೂ ಇತ್ತು. 1911ರಲ್ಲಿ ಕೆಲಸ ಶುರುವಾಯಿತು. ಆಮೇಲೆ ನಾಲೆ, ನಾಲೆಯಿಂದ ಕಬ್ಬು, ಕಬ್ಬಿನಿಂದ 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ. ಗಣಿ ಕಂಪನಿಯವನ ಕನಸಿನಲ್ಲೂ ಮಂಡ್ಯದ ರೈತ ಇರಲಿಲ್ಲ. ಆದರೂ ಅವನ ಬೇಳೆಯ ಜೊತೆ ಈತನ ಅನ್ನವೂ ಬೆಂದಿತು.

ಹಾಗಂತ ಅದು ತಾನಾಗೇ ಆಯಿತು ಅಂದುಕೊಳ್ಳಬೇಡಿ. ಕಟ್ಟಿದ್ದು ಸಂಸ್ಥಾನದ ಆಸ್ತಿಯಾಗಿ ಉಳಿಯಿತು. ಅದಕ್ಕೇ ಬೇರೆಯವರಿಗೂ ಸಿಕ್ಕಿತು. ಗಣಿಯವರಿಗೆ ಕಲ್ಲಿದ್ದಲು ಕೊಳ್ಳೋಕೆ ಸಬ್ಸಿಡಿ ಕೊಟ್ಟಿದ್ದರೆ ದುಡ್ಡು ಹೊಗೆಯಾಗಿ ಹೋಗುತ್ತಿತ್ತು, ಅಷ್ಟೇ.

ಇನ್ನೊಂದು ತಮಾಷೆ ಇದೆ. ಇವತ್ತು ಸರ್ಕಾರದ ಬಾಗಿಲಿಗೆ ಮನವಿ ಹಿಡಿದು ಹೋಗುವ ರಾಜ್ಯದ ವಾಣಿಜ್ಯ, ಕೈಗಾರಿಕಾ ಸಂಘಗಳ ಒಕ್ಕೂಟ ಎಫ್‌ಕೆಸಿಸಿಐ ಇದೆಯಲ್ಲ, ಅದು 1916ರಲ್ಲಿ ಮೈಸೂರು ವಾಣಿಜ್ಯ ಸಂಸ್ಥೆಯಾಗಿ ಶುರುವಾದದ್ದು ದಿವಾನ ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ. ಅಂದರೆ ತನ್ನನ್ನು ಕೇಳುವವರನ್ನು ಸರ್ಕಾರವೇ ಹುಟ್ಟುಹಾಕಿತು. ವ್ಯಾಪಾರಿಗಳಿಗೆ ಏನು ಬೇಕು ಅನ್ನೋದು ಕಚೇರಿಯಲ್ಲಿ ಕೂತವರಿಗೆ ಗೊತ್ತಾಗಲ್ಲ ಅನ್ನುವಷ್ಟು ತಿಳಿವಳಿಕೆ ಆಗ ಇತ್ತು.

ಕೇಳಿದ್ದೆಲ್ಲ ಸರಿ ಅಂತಲೂ ಅಲ್ಲ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ನೋಡಿ. ಉತ್ತರ ಕರ್ನಾಟಕದ ವ್ಯಾಪಾರಿಗಳ ಬಹಳ ಹಳೇ ಬೇಡಿಕೆ ಅದು. 1990ರ ದಶಕದಲ್ಲೇ ಮಂಜೂರಾಯಿತು. ದೊಡ್ಡ ವಾದ ಏನಿತ್ತು? ಬಳ್ಳಾರಿ, ಹೊಸಪೇಟೆಯ ಅದಿರು ಕರಾವಳಿಯ ಬಂದರಿಗೆ ಹೋಗಬೇಕು ಅಂತ. ದಾರಿಯಲ್ಲಿ ಪಶ್ಚಿಮ ಘಟ್ಟದ ದಟ್ಟ ಕಾಡು. ಪರಿಸರದ ತಕರಾರು, ಕೋರ್ಟು, ಕಮಿಟಿ ಅಂತ ವರ್ಷಗಳು ಉರುಳಿದವು. ಅಷ್ಟರಲ್ಲಿ 2010ರಲ್ಲಿ ರಾಜ್ಯ ಸರ್ಕಾರವೇ ಅದಿರು ರಫ್ತು ನಿಲ್ಲಿಸಿತು. ಮರು ವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು. ಯಾವ ಸರಕು ತೋರಿಸಿ ರೈಲು ಕೇಳಿದ್ದರೋ ಆ ಸರಕೇ ಮಾಯ! ಈಗ ವಾದ ಬದಲಾಗಿದೆ, ಪ್ರಯಾಣಿಕರು, ಬೇರೆ ಸರಕು ಅಂತ. ಅದರಲ್ಲೂ ಹುರುಳಿರಬಹುದು. ಆದರೆ ನೂರು ವರ್ಷ ಬಾಳುವ ಕಾಮಗಾರಿಯನ್ನು ಹತ್ತು ವರ್ಷದ ಧಂದೆ ತೋರಿಸಿ ಕೇಳಿದರೆ ಹೀಗೇ ಆಗೋದು. ಕಡಿದ ಕಾಡು ಮಾತ್ರ ವಾಪಸ್ ಬರಲ್ಲ.

ಮನವಿಯಲ್ಲಿ ಬರುವ ಅಂಕಿಗಳ ಬಗ್ಗೆಯೂ ಸ್ವಲ್ಪ ಎಚ್ಚರ ಇರಲಿ. 2022ರ ಮಳೆಯಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆ ಮುಳುಗಿತಲ್ಲ, ಆಗ ಅಲ್ಲಿನ ಕಂಪನಿಗಳ ಒಕ್ಕೂಟ ಮುಖ್ಯಮಂತ್ರಿಗೆ ಪತ್ರ ಬರೆಯಿತು. ಆಗಸ್ಟ್ 30ರಂದು ನೌಕರರು ಐದು ಗಂಟೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು 225 ಕೋಟಿ ರೂಪಾಯಿ ನಷ್ಟವಾಯಿತು ಅಂತ. ಪೇಪರ್, ಟಿವಿ ಎಲ್ಲ ಕಡೆ ಅದೇ ಸುದ್ದಿ. ಕೆಲಸ ನಿಂತ ಗಂಟೆಗೆ ಬೆಲೆ ಕಟ್ಟಿದರೆ ಲೆಕ್ಕ ದೊಡ್ಡದಾಗೇ ಬರುತ್ತೆ. ಆದರೆ ಅವತ್ತು ಅಂಗಡಿ ತೆಗೆಯಲಾಗದ ಟೀ ಮಾರುವವನ ನಷ್ಟ, ಮನೆಗೆಲಸಕ್ಕೆ ಹೋಗಲಾಗದ ಹೆಂಗಸಿನ ಒಂದು ದಿನದ ಕೂಲಿ ಆ ಲೆಕ್ಕದಲ್ಲಿ ಬರಲಿಲ್ಲ. ಆಮೇಲೆ ಮಳೆನೀರು ಹರಿಯುವ ರಾಜಕಾಲುವೆಗಳ ಒತ್ತುವರಿ ಪಟ್ಟಿ ಹೊರಬಿದ್ದಾಗ ಅದರಲ್ಲಿ ಟೆಕ್ ಪಾರ್ಕ್‌ಗಳ ಹೆಸರೂ ಇದ್ದವು. ಕಾಲುವೆ ಸರಿಮಾಡಿ ಅನ್ನೋದು ನ್ಯಾಯವಾದ ಬೇಡಿಕೆಯೇ. ಆದರೆ ಕಾಲುವೆ ಜಾಗ ಬಿಟ್ಟುಕೊಡುತ್ತೇವೆ ಅನ್ನುವ ಸಾಲು ಪತ್ರದಲ್ಲಿ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಲ್ವಾ?

ಒಳ್ಳೆಯ ಮಾದರಿಯೂ ಇದೆ. ಎಲೆಕ್ಟ್ರಾನಿಕ್ ಸಿಟಿ ಕಡೆ ಹೋಗುವ ಮೆಟ್ರೋ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾಯಿತು. ಆ ದಾರಿಯ ಕೆಲವು ಸ್ಟೇಷನ್‌ಗಳಿಗೆ ಕಂಪನಿಗಳ ಹೆಸರಿದೆ. ಇನ್ಫೋಸಿಸ್ ಫೌಂಡೇಷನ್, ಬಯೋಕಾನ್, ಡೆಲ್ಟಾ ಎಲೆಕ್ಟ್ರಾನಿಕ್ಸ್. ದುಡ್ಡು ಕೊಟ್ಟಿದ್ದಾರೆ, ಅದಕ್ಕೆ ಹೆಸರು. ಸ್ಟೇಷನ್‌ಗೆ ಕಂಪನಿ ಹೆಸರು ನನಗೇನೂ ಇಷ್ಟವಿಲ್ಲ, ಊರಿನ ಹೆಸರು ಚೆನ್ನ. ಆದರೂ ಬರೀ ಮನವಿ ಕೊಟ್ಟು ಕೂರುವವರಿಗಿಂತ ಇವರು ವಾಸಿ. ಅದೇ ಸ್ಟೇಷನ್‌ನಲ್ಲಿ ಗಾರ್ಮೆಂಟ್ಸ್‌ನ ಹುಡುಗಿಯೂ ಇಳಿಯುತ್ತಾಳೆ.

ಇನ್ನು 'ಸರ್ಕಾರದ ಹತ್ತಿರ ದುಡ್ಡೆಲ್ಲಿದೆ' ಅಂತ ನೀವು ಕೇಳಿದ್ದಕ್ಕೆ ಚಿಕ್ಕದಾಗಿ ಹೇಳ್ತೀನಿ. ರಸ್ತೆ, ಕಟ್ಟೆ, ಆಸ್ಪತ್ರೆ ಕಟ್ಟಡ ಇಂಥವಕ್ಕೆ ಹಾಕುವುದನ್ನು ಬಜೆಟ್‌ನಲ್ಲಿ ಬಂಡವಾಳ ವೆಚ್ಚ ಅಂತಾರೆ. ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನ ಇವೆಲ್ಲ ರಾಜಸ್ವ ವೆಚ್ಚ. ಇವು ಕೊಟ್ಟು ಉಳಿದದ್ದು ಮತ್ತು ಸಾಲ ತಂದದ್ದು ಬಂಡವಾಳಕ್ಕೆ. ಸಾಲಕ್ಕೂ ಮಿತಿ ಇದೆ. ಕರ್ನಾಟಕ 2002ರಲ್ಲೇ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿಕೊಂಡಿದೆ. ವಿತ್ತೀಯ ಕೊರತೆ, ಅಂದರೆ ವರ್ಷದ ಆದಾಯಕ್ಕಿಂತ ಹೆಚ್ಚಾಗಿ ಸಾಲ ತಂದು ಮಾಡುವ ಖರ್ಚು, ರಾಜ್ಯದ ಒಟ್ಟು ಉತ್ಪನ್ನದ ಶೇ 3ರ ಆಸುಪಾಸು ಇರಬೇಕು ಅಂತ. 2020–21ರಿಂದ ಕೇಂದ್ರ ಸರ್ಕಾರ ಬಂಡವಾಳ ಕಾಮಗಾರಿಗಳಿಗೆ ರಾಜ್ಯಗಳಿಗೆ 50 ವರ್ಷದ ಬಡ್ಡಿಯಿಲ್ಲದ ಸಾಲ ಕೊಡುತ್ತಿದೆ. ಸಂಘದವರು ಬುದ್ಧಿವಂತರಾದರೆ ಯಾವ ಕೆಲಸ ಆ ಸಾಲಕ್ಕೆ ಹೊಂದುತ್ತೆ ಅಂತ ಮನವಿಯಲ್ಲೇ ಬರೆಯಬೇಕು. ನಮ್ಮ ಹದಿನಾಲ್ಕು ಬೇಡಿಕೆಯಲ್ಲಿ ದುಡ್ಡು ಎಲ್ಲಿಂದ ಅನ್ನುವ ಒಂದು ಸಾಲೂ ಇರಲಿಲ್ಲ. ಆರು ಬೇಡಿಕೆಯಂತೂ ಖಜಾನೆಗೆ ಬರುವುದನ್ನು ಕಮ್ಮಿ ಮಾಡುವಂಥವು, ಇಲ್ಲ ಖಜಾನೆಯಿಂದಲೇ ಕೇಳುವಂಥವು. ಒಂದು ಕೈಯಲ್ಲಿ ರಸ್ತೆ ಕೊಡಿ, ಇನ್ನೊಂದು ಕೈಯಲ್ಲಿ ತೆರಿಗೆ ಬಿಡಿ. ಆಗೋ ಮಾತಾ?

ಇಲ್ಲೇ ಒಂದು ಜಗಳದ ವಿಷಯ ಹೇಳಿಬಿಡ್ತೀನಿ. ನಮ್ಮ ಸಂಘದಲ್ಲಿ 2023ರಲ್ಲಿ ಹೆಂಗಸರಿಗೆ ಉಚಿತ ಬಸ್ ಶುರುವಾದಾಗ 'ಈ ದುಡ್ಡಲ್ಲಿ ಎಷ್ಟು ರಸ್ತೆ ಆಗ್ತಿತ್ತು' ಅಂತ ದೊಡ್ಡ ಮಾತುಕತೆ ನಡೀತು. ನಾನೂ ತಲೆ ಅಲ್ಲಾಡಿಸಿದ್ದೆ. ಆಮೇಲೆ ನನ್ನ ವರ್ಕ್‌ಶಾಪ್‌ಗೆ ಹದಿನೆಂಟು ಕಿಲೋಮೀಟರ್ ದೂರದ ಹಳ್ಳಿಯಿಂದ ಇಬ್ಬರು ಹೆಣ್ಣುಮಕ್ಕಳು ಇನ್‌ಸ್ಪೆಕ್ಷನ್ ಕೆಲಸಕ್ಕೆ ಸೇರಿದರು. ಮೊದಲಾದರೆ ಬಸ್ ಚಾರ್ಜಿಗೇ ಸಂಬಳದಲ್ಲಿ ದೊಡ್ಡ ಪಾಲು ಹೋಗುತ್ತಿತ್ತು, ಬರ್ತಿರಲಿಲ್ಲ. ಈಗ ಅವರ ತೊಂದರೆ ಬೇರೆ: ಬೆಳಗ್ಗೆ ಒಂದೇ ಬಸ್, ಬಾಗಿಲಲ್ಲಿ ನೇತಾಡಬೇಕು. ಹೊಸ ಬಸ್ ಕೊಳ್ಳುವುದು ಬಂಡವಾಳ ವೆಚ್ಚವೇ ಅಲ್ವಾ? ಬೇಡಿಕೆ ಪಟ್ಟಿಗೆ ಅದನ್ನು ಸೇರಿಸೋಣ ಅಂದೆ. ನಕ್ಕರು. ನಮ್ಮ ಮನವಿಗಳಲ್ಲಿ ಫ್ಲೈಓವರ್ ಬರುತ್ತೆ, ಬಸ್ ಬರಲ್ಲ. ಗುದ್ದಲಿ ಪೂಜೆಗೆ ಬಸ್ಸು ಒಗ್ಗಲ್ಲ ನೋಡಿ.

ಹಾಗಾಗಿ ನಿಮ್ಮ ಜಿಲ್ಲೆಯ ಮನವಿ ಕೈಗೆ ಸಿಕ್ಕರೆ ಪೆನ್ಸಿಲ್ ಹಿಡಿದು ಕೂತುಕೊಳ್ಳಿ. ಗೂಡ್ಸ್ ಶೆಡ್ ನನ್ನ ಲೆಕ್ಕದಲ್ಲಿ ಪಾಸ್. ರೈತನ ಜೋಳವೂ ಗೊಬ್ಬರವೂ ಅಲ್ಲೇ ಹತ್ತಿ ಇಳಿಯುತ್ತೆ. ಸಬ್‌ಸ್ಟೇಷನ್ ಪಾಸ್, ಆದರೆ ಎಷ್ಟು ಜನ ಲೋಡ್ ತಗೊಳ್ತಾರೆ ಅಂತ ಕೇಳಿ. ರಿಂಗ್ ರೋಡ್ ಎಲ್ಲಿ ಹಾದು ಹೋಗುತ್ತೆ, ಅಕ್ಕಪಕ್ಕದ ಜಮೀನು ಯಾರ ಹೆಸರಲ್ಲಿದೆ ಅನ್ನೋದನ್ನು ವಿಚಾರಿಸಿ. ಇದು ಅನುಮಾನದ ಬುದ್ಧಿ ಅಂತ ಬೈದುಕೊಳ್ಳಬೇಡಿ, ಕಮಿಟಿಯಲ್ಲಿ ಕೂತು ಕಲಿತದ್ದು. ತೆರಿಗೆ ರಿಯಾಯಿತಿ ಅವರವರ ಬೇಳೆ. ಕೇಳಲಿ, ತಪ್ಪೇನಿಲ್ಲ. ಅದಕ್ಕೆ ರಾಜ್ಯದ ಬೆಳವಣಿಗೆ ಅಂತ ಹೆಸರಿಡಬಾರದು ಅಷ್ಟೆ.

ನಮ್ಮ ಸಬ್‌ಸ್ಟೇಷನ್ ಏನಾಯಿತು ಅಂತ ಕೇಳ್ತೀರೇನೋ. ಆ ಹಿರಿಯರ ಮಾತು ಕೇಳಿ ಹದಿನಾಲ್ಕರಲ್ಲಿ ಹದಿಮೂರು ಬೇಡಿಕೆ ಹೊಡೆದು ಹಾಕಿ ಸಬ್‌ಸ್ಟೇಷನ್ ಒಂದೇ ಇಟ್ಟೆವು. ಹತ್ತೊಂಬತ್ತು ಜನ ತಮ್ಮ ತಮ್ಮ ಲೆಟರ್‌ಹೆಡ್‌ನಲ್ಲಿ 'ಇಷ್ಟು ಎಚ್‌ಪಿ ಹೆಚ್ಚಿಗೆ ತಗೊಳ್ತೀವಿ' ಅಂತ ಬರೆದು ಸಹಿ ಹಾಕಿದ ಕಾಗದಗಳನ್ನು ಹಿಂದೆ ಪಿನ್ ಮಾಡಿದೆವು. ಮನವಿ ಕೊಡಲು ಹೋದಾಗ ಅಲ್ಲಿದ್ದ ಎಂಜಿನಿಯರ್ ಮೊದಲು ತಿರುಗಿಸಿ ನೋಡಿದ್ದು ಆ ಹಿಂದಿನ ಕಾಗದಗಳನ್ನೇ. ನಾಲ್ಕು ವರ್ಷ ಹಿಡಿಯಿತು. ಬಂತು. ಹತ್ತೊಂಬತ್ತರಲ್ಲಿ ಹನ್ನೆರಡು ಜನ ಮಾತು ಉಳಿಸಿಕೊಂಡರು. ನಾನು 40 ಎಚ್‌ಪಿಯಿಂದ 65ಕ್ಕೆ ಹೋದೆ. ಹೊಸ ಫೀಡರ್‌ನಿಂದ ಎಲ್ಲರಿಗಿಂತ ಮೊದಲು ಕನೆಕ್ಷನ್ ತಗೊಂಡವರು ನಮ್ಮ ಸಂಘದವರೇ ಅಲ್ಲ. ಪಕ್ಕದ ಹಳ್ಳಿಯ ಅಣ್ಣತಮ್ಮಂದಿರು, ಹುಣಸೆಹಣ್ಣಿಗೆ ಕೋಲ್ಡ್ ಸ್ಟೋರೇಜ್ ಹಾಕಿದರು. ಈಗ ಸುಗ್ಗಿ ಟೈಮ್‌ನಲ್ಲಿ ನಮ್ಮ ಗೇಟಿನ ಮುಂದೆ ಟ್ರ್ಯಾಕ್ಟರ್ ಸಾಲು ನಿಂತಿರುತ್ತೆ, ನನ್ನ ಟೆಂಪೋ ಹೊರಗೆ ಹೋಗೋಕೆ ಜಾಗ ಇರಲ್ಲ.