ಹಳೆಯ ಪದ್ಮಿನಿಗೆ ಈಗ ಪ್ರೈಮರ್ ಹೊಡೆದಿಟ್ಟು ಮಳೆಗಾಲ ಕಳೆದ ಮೇಲೆ ಬಣ್ಣ ಹಾಕಬಹುದೇ?

ಉಡುಪಿಯ ಮನೆಯ ಶೆಡ್ಡಿನಲ್ಲಿರುವ, ತಂದೆಯವರ ಕಾಲದ 1986ರ ಪ್ರೀಮಿಯರ್ ಪದ್ಮಿನಿಯನ್ನು ಮಳೆಗಾಲಕ್ಕೆ ಮುನ್ನ ಕೆರೆದು ಪ್ರೈಮರ್ ಹೊಡೆದಿಟ್ಟು, ಮಳೆ ಮುಗಿದ ಬಳಿಕ ಬಿಡುವು ಮಾಡಿಕೊಂಡು ಬಣ್ಣ ಹಾಕಬಹುದೇ, ಅದಕ್ಕೆ ಯಾವ ಪ್ರೈಮರ್ ಸೂಕ್ತ ಎಂದು ನೀವು ಕೇಳಿದ್ದೀರಿ. ಹೀಗೆ ಎರಡು ಕಂತಿನಲ್ಲಿ ಕೆಲಸ ಮಾಡಬಹುದು. ಆದರೆ ಮೊದಲ ಕಂತಿಗೆ ಎಪಾಕ್ಸಿ ಪ್ರೈಮರ್ ಬಿಟ್ಟು ಬೇರೇನನ್ನೂ ಬಳಸಬೇಡಿ. ನಾನು ಮಲೆನಾಡಿನವನು. ನಮ್ಮ ಮನೆಯ ಪದ್ಮಿನಿಗೆ ಅಂಗಳದ ತಗಡಿನ ಶೆಡ್ಡಿನಲ್ಲೇ ಬಣ್ಣ ಹಾಕಿದ್ದೇನೆ. ಗ್ಯಾರೇಜೊಂದರ ಹಿರಿಯ ಪೇಂಟರ್ ಒಬ್ಬರು ಪಕ್ಕದಲ್ಲಿ ನಿಂತು ಹೇಳಿಕೊಟ್ಟದ್ದು ಮತ್ತು ಕೆಲಸ ಮಾಡುತ್ತಾ ನನಗೆ ತಿಳಿದದ್ದು ಎರಡನ್ನೂ ಸೇರಿಸಿ ಉತ್ತರಿಸುತ್ತಿದ್ದೇನೆ.

ಪ್ರೈಮರ್ ತರುವ ಮೊದಲು ಒಂದು ಅಯಸ್ಕಾಂತವನ್ನು ತೆಳುವಾದ ಬಟ್ಟೆಯಲ್ಲಿ ಸುತ್ತಿ ಕಾರಿನ ಮೈಮೇಲೆಲ್ಲ ಆಡಿಸಿ ನೋಡಿ. ಅದು ಹಿಡಿಯದೆ ಜಾರುವ ಕಡೆಯಲ್ಲಿ ಹಿಂದೆ ಯಾರೋ ದಪ್ಪಗೆ ಪುಟ್ಟಿ ಮೆತ್ತಿದ್ದಾರೆ ಎಂದೇ ಅರ್ಥ. ಪದ್ಮಿನಿಯಲ್ಲಿ ಬಾಗಿಲುಗಳ ತಳ, ಚಕ್ರದ ಕಮಾನಿನ ಒಳಅಂಚು, ಹೆಡ್‌ಲೈಟಿನ ಸುತ್ತ ಮತ್ತು ಬಾಗಿಲ ಕೆಳಗೆ ಉದ್ದಕ್ಕೆ ಹಾದುಹೋಗುವ ಪೆಟ್ಟಿಗೆಯಾಕಾರದ ತಗಡನ್ನು ತಪ್ಪದೆ ಪರೀಕ್ಷಿಸಬೇಕು. ಇಟಲಿಯ ಫಿಯೆಟ್ 1100ರ ವಂಶಕ್ಕೆ ಸೇರಿದ ಈ ಕಾರಿಗೆ ಪ್ರತ್ಯೇಕ ಚಾಸಿ ಇಲ್ಲ. ಮೈತಗಡೇ ಭಾರ ಹೊರುತ್ತದೆ. ಆದ್ದರಿಂದ ಆ ಕೆಳತಗಡು ತೂತಾಗಿದ್ದರೆ ಅದರ ಮೇಲೆ ಪುಟ್ಟಿ ಎಳೆದು ಬಣ್ಣ ಹಾಕುವುದು ಕಾರಿಗೂ ಅದರಲ್ಲಿ ಕೂರುವವರಿಗೂ ಅಪಾಯಕಾರಿ. ಅಂಥ ಭಾಗವನ್ನು ಕತ್ತರಿಸಿ ಹೊಸ ತಗಡು ಬೆಸೆಯುವ ಟಿಂಕರಿಂಗ್ ಕೆಲಸವನ್ನು ಮೊದಲು ಮುಗಿಸಿಕೊಳ್ಳಿ.

ಎರಡನೆಯದಾಗಿ, ಈಗ ಕಾರಿನ ಮೇಲಿರುವ ಬಣ್ಣ ಯಾವುದೆಂದು ತಿಳಿಯಬೇಕು. ಬಿಳಿ ಬಟ್ಟೆಯ ತುಂಡನ್ನು ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣಕ್ಕೆ ಬಳಸುವ ತಿನ್ನರಿನಲ್ಲಿ ಅದ್ದಿ, ಡಿಕ್ಕಿಯ ಒಳಅಂಚಿನಂತಹ ಕಣ್ಣಿಗೆ ಬೀಳದ ಜಾಗದಲ್ಲಿ ಒತ್ತಿ ಹಿಡಿದು ಉಜ್ಜಿ. ಬಣ್ಣ ಕರಗಿ ಬಟ್ಟೆಗೆ ಹತ್ತಿದರೆ ಅದು ಎನ್‌ಸಿ ಲ್ಯಾಕರ್. ಉಬ್ಬಿ ಸುಕ್ಕುಗಟ್ಟಿದರೆ ಸಿಂಥೆಟಿಕ್ ಎನಾಮಲ್. ಏನೂ ಆಗದಿದ್ದರೆ ಚೆನ್ನಾಗಿ ಬಲಿತ ಪಿಯು (ಪಾಲಿಯುರೆಥೇನ್) ಬಣ್ಣ ಅಥವಾ ಕಾರ್ಖಾನೆಯಲ್ಲಿ ಕಾಯಿಸಿದ ಬಣ್ಣ. ನಾಲ್ಕು ಕೈ ಬದಲಾದ ಹಳೆಯ ಕಾರಿನಲ್ಲಿ ಬಾನೆಟ್ ಒಂದು ಜಾತಿ, ಬಾಗಿಲು ಇನ್ನೊಂದು ಜಾತಿ ಆಗಿರುವುದೂ ಉಂಟು, ಹಾಗಾಗಿ ಪ್ರತಿ ಭಾಗದಲ್ಲೂ ಪರೀಕ್ಷಿಸಬೇಕು. ಎನಾಮಲಿನ ಮೇಲೆ ಎನ್‌ಸಿ ಹೊಡೆದರೆ ತಿನ್ನರ್ ಕೆಳಗಿನ ಪದರವನ್ನು ಎಬ್ಬಿಸಿಬಿಡುತ್ತದೆ. ಮನೆಯಲ್ಲಿ ಮಾಡಿದ ಕೆಲಸ ಹಾಳಾಗುವುದು ಸ್ಪ್ರೇ ಗನ್ ಹಿಡಿಯಲು ಬಾರದ್ದರಿಂದ ಎಂದು ಜನ ತಿಳಿಯುತ್ತಾರೆ, ಆದರೆ ನಾನು ಕಂಡಂತೆ ಹೆಚ್ಚಿನ ಸಲ ಅದು ಹಾಳಾಗುವುದು ಒಂದಕ್ಕೊಂದು ಒಗ್ಗದ ಪದರಗಳಿಂದ.

ನಿಮ್ಮ ಕಾರು ಹತ್ತಾರು ವರ್ಷ ಕಡಲಗಾಳಿ ಕುಡಿದಿರುವುದರಿಂದ ಎನಾಮಲ್ ಇರುವ ಮತ್ತು ತುಕ್ಕು ಹಿಡಿದ ಭಾಗಗಳನ್ನು ಬರಿ ತಗಡಿನವರೆಗೆ ಇಳಿಸುವುದೇ ಲೇಸು. ಹಳೆಯ ಬಣ್ಣದಲ್ಲಿ ಸೀಸವಿರುವ ಸಾಧ್ಯತೆ ಇದೆ. ಒಣಗಿದ ದೂಳು ಏಳದಂತೆ ನೀರು ಹಾಕಿ ಉಜ್ಜಿ, ಮಕ್ಕಳನ್ನು ದೂರವಿಡಿ. ತುಕ್ಕಿನ ಸಣ್ಣ ಗುಳಿಗಳಲ್ಲಿ ಉಪ್ಪು ಅಡಗಿ ಕುಳಿತಿರುತ್ತದೆ. ಕೆರೆದ ಮೇಲೆ ಸಿಹಿನೀರಿನಲ್ಲಿ ತೊಳೆದು, ಕೂಡಲೇ ಒರೆಸಿ ಒಣಗಿಸಿ, ಫಾಸ್ಫರಿಕ್ ಆಮ್ಲದ ತುಕ್ಕು ನಿವಾರಕವನ್ನು ಹಚ್ಚಿ, ಅದರ ಶೇಷವನ್ನು ಡಬ್ಬಿಯ ಮೇಲೆ ಹೇಳಿದಂತೆ ಪೂರ್ತಿ ತೆಗೆಯಬೇಕು. ಆಮ್ಲ ಉಳಿದರೆ ಎಪಾಕ್ಸಿ ಸರಿಯಾಗಿ ಅಂಟುವುದಿಲ್ಲ. ಕರಾವಳಿಯ ತೇವದಲ್ಲಿ ಬರಿ ತಗಡು ಒಂದೇ ರಾತ್ರಿಯಲ್ಲಿ ಕೆಂಪಗಾಗುತ್ತದೆ. ಅದಕ್ಕಾಗಿ ಇಡೀ ಕಾರನ್ನು ಒಮ್ಮೆಗೇ ಕೆರೆಯದೆ, ಬೆಳಿಗ್ಗೆ ಕೆರೆದಷ್ಟು ಭಾಗಕ್ಕೆ ಸಂಜೆಯೊಳಗೆ ಪ್ರೈಮರ್ ಬೀಳುವಂತೆ ಕೆಲಸವನ್ನು ಹಂಚಿಕೊಳ್ಳಿ. ಪ್ರೈಮರ್ ಹೊಡೆಯುವ ಮುನ್ನ ಮೇಣ ಮತ್ತು ಜಿಡ್ಡು ತೆಗೆಯುವ ದ್ರಾವಣದಿಂದ ಒರೆಸಿ, ಅನಂತರ ಆ ತಗಡನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಇನ್ನು ಪ್ರೈಮರಿನ ವಿಚಾರ. ಅಂಗಡಿಯಲ್ಲಿ ಪ್ರೈಮರ್ ಎಂದು ಕೇಳಿದರೆ ಹೆಚ್ಚಾಗಿ ಕೊಡುವುದು ಬೂದುಬಣ್ಣದ ಸರ್ಫೇಸರ್. ಕಾಗದದ ಗೀರು, ಸಣ್ಣ ತಗ್ಗುಗಳನ್ನು ತುಂಬಿ ಸುಲಭವಾಗಿ ಉಜ್ಜಿಸಿಕೊಳ್ಳುವುದಕ್ಕಾಗಿ ಮಾಡಿದ ಇದರಲ್ಲಿ ತುಂಬುಪುಡಿ ಹೆಚ್ಚು, ಸೂಕ್ಷ್ಮರಂಧ್ರಗಳೂ ಹೆಚ್ಚು. ಅದು ನೀರನ್ನು ಹೀರಿಕೊಂಡು ತಗಡಿಗೆ ತಲುಪಿಸುತ್ತದೆ, ಮೇಲೆ ಬೂದುಬಣ್ಣ ಹಾಗೇ ಇರುವಾಗ ಅಡಿಯಲ್ಲಿ ತುಕ್ಕು ಹರಡುತ್ತಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಊರಿನ ಗಾಳಿಯಲ್ಲಿ ಅದನ್ನು ಬಿಡುವುದು ಎಂದರೆ ಕೆರೆದ ಶ್ರಮವನ್ನು ನೀರಿಗೆ ಹಾಕಿದ ಹಾಗೆ. ಗೇಟು, ಕಿಟಕಿಯ ಸರಳುಗಳಿಗೆ ಬಳಿಯುವ ರೆಡ್ ಆಕ್ಸೈಡ್ ಅಗ್ಗವೆಂದು ಕೆಲವರು ಸೂಚಿಸುತ್ತಾರೆ. ಅದು ಕೂಡ ಎಣ್ಣೆಯ ಜಾತಿಯದು, ಮೇಲೆ ಬೀಳುವ ಎನ್‌ಸಿ ಅಥವಾ ಪಿಯು ಬಣ್ಣದ ತಿನ್ನರಿಗೆ ಸುಕ್ಕಾಗುತ್ತದೆ. ಆಮ್ಲವಿರುವ ಎಚ್ (etch) ಪ್ರೈಮರ್ ಬರಿ ತಗಡನ್ನು ಚೆನ್ನಾಗಿ ಕಚ್ಚಿಕೊಂಡರೂ ಅತಿ ತೆಳುವಾದ ಪದರ, ತಾನೊಂದೇ ಮಳೆಗಾಲವನ್ನು ತಡೆಯಲಾರದು, ಮೇಲಾಗಿ ಅನೇಕ ಎಪಾಕ್ಸಿಗಳಿಗೂ ಪಾಲಿಯೆಸ್ಟರ್ ಪುಟ್ಟಿಗೂ ಅದರ ಆಮ್ಲ ಆಗಿಬರುವುದಿಲ್ಲ.

ಎಪಾಕ್ಸಿ ಎರಡು ಡಬ್ಬಿಗಳಲ್ಲಿ ಬರುತ್ತದೆ. ಗಟ್ಟಿಕಾರಕದೊಂದಿಗೆ ಬೆರೆತು ಗಟ್ಟಿಯಾದ ಮೇಲೆ ಅದು ನೀರನ್ನೂ ಉಪ್ಪನ್ನೂ ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಬೆರೆಸುವ ಪ್ರಮಾಣ ಕಂಪನಿಯಿಂದ ಕಂಪನಿಗೆ ಬೇರೆ, ಆದ್ದರಿಂದ ಕಣ್ಣಳತೆ ಬೇಡ. ಗೆರೆ ಹಾಕಿದ ಪ್ಲಾಸ್ಟಿಕ್ ಲೋಟದಲ್ಲೇ ಅಳೆಯಿರಿ. ಎರಡು ಪೂರ್ಣ ಕೋಟ್ ಸಾಕು. ಇದಕ್ಕಿರುವ ದೊಡ್ಡ ದೌರ್ಬಲ್ಯ ಬಿಸಿಲು: ನೇರ ಬಿಸಿಲಿನಲ್ಲಿ ತಿಂಗಳುಗಟ್ಟಲೆ ನಿಂತರೆ ಮೇಲ್ಮೈ ಸುಣ್ಣದಂತೆ ಪುಡಿಯಾಗುತ್ತದೆ. ನಿಮಗೆ ಶೆಡ್ ಇರುವುದರಿಂದ ಆ ತೊಂದರೆ ಇಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಹೊದಿಕೆಯನ್ನು ಮಾತ್ರ ಹಾಕಬೇಡಿ, ಒಳಗೆ ಬೆವರು ಕಟ್ಟುತ್ತದೆ. ಮಳೆಗಾಲ ಕಳೆದು ಮತ್ತೆ ಕೈಹಾಕುವಾಗ ಎಪಾಕ್ಸಿ ಪೂರ್ತಿ ಬಲಿತು ನುಣುಪಾಗಿರುವುದರಿಂದ, 320ನೇ ನಂಬರ್ ಕಾಗದದಲ್ಲಿ ಅದರ ಹೊಳಪನ್ನು ಪೂರ್ತಿ ಮುರಿದ ನಂತರವೇ ಮುಂದಿನ ಪದರ.

ಪುಟ್ಟಿ, ಸರ್ಫೇಸರ್ ಎರಡೂ ಆ ಎರಡನೇ ಕಂತಿನ ಕೆಲಸ. ಪಾಲಿಯೆಸ್ಟರ್ ಪುಟ್ಟಿಯನ್ನು ಎಪಾಕ್ಸಿಯ ಮೇಲೆ ತೆಳುವಾಗಿ ಎಳೆದು, 80, ಅನಂತರ 180ನೇ ನಂಬರ್ ಕಾಗದವನ್ನು ಮರದ ತುಂಡಿಗೆ ಸುತ್ತಿ ಒಣದಾಗಿಯೇ ಉಜ್ಜಬೇಕು, ಏಕೆಂದರೆ ಪುಟ್ಟಿ ನೀರು ಕುಡಿಯುತ್ತದೆ. ಅದರ ಮೇಲೆ ಸರ್ಫೇಸರ್ ಹೊಡೆದು, ಒಣಗಿದ ಬಳಿಕ ಕಪ್ಪು ಸ್ಪ್ರೇ ಡಬ್ಬಿಯಿಂದ ದೂರದಿಂದ ಮಂಜಿನಂತೆ ಚುಕ್ಕೆ ಚುಕ್ಕೆಯಾಗಿ ಕಪ್ಪು ಬೀಳಿಸಿ. 400, 600ನೇ ನಂಬರ್ ವಾಟರ್ ಪೇಪರಿನಲ್ಲಿ ಉಜ್ಜುವಾಗ ಉಬ್ಬಿದ ಕಡೆ ಕಪ್ಪು ಮೊದಲು ಹೋಗುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ಕಪ್ಪು ಉಳಿದ ಜಾಗವನ್ನು ಮತ್ತೆ ತುಂಬಬೇಕೇ ಹೊರತು ಅಲ್ಲಿಗಷ್ಟೇ ಬೆರಳೊತ್ತಿ ಉಜ್ಜಬಾರದು. ಪದ್ಮಿನಿಯ ಬಾಗಿಲಿನ ಉದ್ದನೆಯ ಏಣಿನಲ್ಲಿ ಕಾಗದ ಬಲುಬೇಗ ತಗಡು ಮುಟ್ಟುವುದರಿಂದ ಆ ಅಂಚಿಗೆ ಟೇಪ್ ಹಚ್ಚಿಕೊಂಡು ಎರಡೂ ಬದಿ ಉಜ್ಜಿ, ಕೊನೆಗೆ ಟೇಪ್ ತೆಗೆದು ಕೈಯಿಂದ ಹಗುರವಾಗಿ ಸವರಿದರಾಯಿತು. ಸರ್ಫೇಸರ್ ಹೊಡೆದ ವಾರದೊಳಗೇ ಬಣ್ಣವನ್ನೂ ಮುಗಿಸಿ.

ಯಾವ ಬಣ್ಣ ಎಂದು ನೀವು ಕೇಳಿಲ್ಲವಾದರೂ ಹೇಳಲೇಬೇಕಾದದ್ದೊಂದು ಇದೆ. ಗ್ಯಾರೇಜುಗಳಲ್ಲಿ ಈಗ ಬಳಸುವ ಎರಡು ಡಬ್ಬಿಯ ಪಿಯು ಬಣ್ಣ ಮತ್ತು ಕ್ಲಿಯರ್ ಕೋಟಿನ ಗಟ್ಟಿಕಾರಕದಲ್ಲಿ ಐಸೋಸಯನೇಟ್ ಇರುತ್ತದೆ. ಅದರ ಮಂಜನ್ನು ಉಸಿರಾಡಿದವರಿಗೆ ಅಸ್ತಮಾ ಬರಬಹುದು, ಒಮ್ಮೆ ದೇಹ ಅದಕ್ಕೆ ಪ್ರತಿಕ್ರಿಯಿಸಲು ಕಲಿತರೆ ಮುಂದೆ ಸ್ವಲ್ಪವೇ ತಾಕಿದರೂ ಉಬ್ಬಸ ಶುರುವಾಗುತ್ತದೆ. ಅಪಾಯದ ಮಟ್ಟ ಮುಟ್ಟಿದರೂ ಮೂಗಿಗೆ ವಾಸನೆ ತಿಳಿಯದಿರಬಹುದು; ಹೀಗಾಗಿ ಮಾಸ್ಕಿನ ಗಾಳಿ ಸೋಸುವ ಕಾರ್ಟ್ರಿಡ್ಜ್ ಮುಗಿದದ್ದೂ ಗೊತ್ತಾಗುವುದಿಲ್ಲ. ಇದಕ್ಕೆ ಹೊರಗಿನಿಂದ ಕೊಳವೆಯಲ್ಲಿ ಶುದ್ಧ ಗಾಳಿ ಬರುವ ಮುಖವಾಡ ಬೇಕು. ಆ ಸೌಕರ್ಯವಿಲ್ಲದ, ಪಕ್ಕದಲ್ಲೇ ಮನೆಯಿರುವ ಶೆಡ್ಡಿನಲ್ಲಿ ಪಿಯು ಹೊಡೆಯಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಪಿಯು ಹೊಳಪೇ ಬೇಕೆಂದರೆ ಸರ್ಫೇಸರ್‌ವರೆಗಿನ ಕೆಲಸವನ್ನು ನೀವೇ ಮಾಡಿ, ಕಾರನ್ನು ಬಣ್ಣ ಹೊಡೆಯುವ ಪ್ರತ್ಯೇಕ ಕೋಣೆ (ಬೂತ್) ಇರುವ ಗ್ಯಾರೇಜಿಗೆ ಒಯ್ಯಿರಿ. ಮಜೂರಿಯ ದೊಡ್ಡ ಪಾಲು ಉಜ್ಜುವುದರಲ್ಲೇ ಇರುವುದರಿಂದ ಉಳಿತಾಯ ಆಗಿಯೇ ಆಗುತ್ತದೆ. ಮನೆಯಲ್ಲೇ ಮುಗಿಸುವುದಾದರೆ ಎನ್‌ಸಿ ಲ್ಯಾಕರ್ ಆರಿಸಿ, ಸರ್ಫೇಸರ್ ಕೂಡ ಗಟ್ಟಿಕಾರಕವಿಲ್ಲದ ಎನ್‌ಸಿಯದನ್ನೇ ತನ್ನಿ. ಲ್ಯಾಕರ್ ಬೇಗ ಒಣಗುತ್ತದೆ, ದೂಳು ಕೂತರೆ ಉಜ್ಜಿ ಮತ್ತೆ ಹೊಡೆಯಬಹುದು, ಪಾಲಿಶ್ ಮಾಡಿದರೆ ಆ ಕಾಲದ ಕಾರಿಗೆ ಒಪ್ಪುವ ಮೃದುವಾದ ಹೊಳಪು ಬರುತ್ತದೆ. ಎಪಾಕ್ಸಿ ಮತ್ತು ಎನ್‌ಸಿಗೂ ಕಾರ್ಟ್ರಿಡ್ಜ್ ಮಾಸ್ಕ್, ನೈಟ್ರೈಲ್ ಕೈಗವಸು ಬೇಕೇ ಬೇಕು. ತಿನ್ನರಿನ ಆವಿಗೆ ಕಿಡಿ ತಾಗಿದರೆ ಶೆಡ್ಡೇ ಹೊತ್ತಿಕೊಳ್ಳುವುದರಿಂದ ಕಂಪ್ರೆಸರ್ ಶೆಡ್ಡಿನ ಹೊರಗಿರಲಿ.

ಎನ್‌ಸಿಯನ್ನು ಡಿಸೆಂಬರ್, ಜನವರಿಯ ಒಣ ಹಗಲಿನಲ್ಲಿ, ಇಬ್ಬನಿ ಆರಿದ ಮೇಲೆ ಹೊಡೆಯಿರಿ. ತಿನ್ನರ್ ಆರುವಾಗ ತಗಡು ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಇಳಿದರೆ ಬಣ್ಣ ಬಿಳಿಚಿಕೊಳ್ಳುತ್ತದೆ. ಹಾಗಾದಾಗ ನಿಧಾನವಾಗಿ ಆರುವ ರಿಟಾರ್ಡರ್ ತಿನ್ನರ್ ಸ್ವಲ್ಪ ಬೆರೆಸಿ ಇನ್ನೊಂದು ತೆಳು ಕೋಟ್ ಕೊಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಗಾಳಿಯ ಪೈಪಿಗೆ ನೀರು ಹಿಡಿಯುವ ಫಿಲ್ಟರ್ ಇರಲಿ. ಡ್ಯಾಶ್‌ಬೋರ್ಡಿಗೆ ಹಚ್ಚುವ ಸಿಲಿಕೋನ್ ಪಾಲಿಶ್ ಶೆಡ್ಡಿನ ಹತ್ತಿರವೂ ಬರದಿರಲಿ, ಅದರ ಕಣ ಬಿದ್ದಲ್ಲಿ ಬಣ್ಣ ಗುಂಡಗೆ ಸರಿದು ಗುಳಿಯಾಗುತ್ತದೆ. ನೆಲಕ್ಕೆ ನೀರು ಚಿಮುಕಿಸಿದರೆ ದೂಳು ಅಡಗುತ್ತದೆ. ಗನ್ನನ್ನು ಆರರಿಂದ ಎಂಟು ಇಂಚು ದೂರದಲ್ಲಿ, ಮೈಗೆ ಸಮಾನಾಂತರವಾಗಿ, ಹಿಂದಿನ ಪಟ್ಟೆಯ ಅರ್ಧಭಾಗವನ್ನು ಮುಚ್ಚುವಂತೆ ಒಯ್ಯಬೇಕು. ಹಳೆಯ ಬಾಗಿಲೊಂದರ ಮೇಲೆ ಅಭ್ಯಾಸ ಮಾಡಿದರೆ ಕೈ ತಾನಾಗಿ ಕೂರುತ್ತದೆ.

ಬೇರೆ ಬಣ್ಣಕ್ಕೆ ಬದಲಾಯಿಸುವ ಆಲೋಚನೆಯಿದ್ದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಏಕೆಂದರೆ ಆರ್‌ಸಿಯಲ್ಲಿ ಬಣ್ಣ ನಮೂದಾಗಿರುತ್ತದೆ, ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸುವಾಗ ಅದನ್ನು ನೋಡುತ್ತಾರೆ. ಸೇನೆಯ ಆಲಿವ್ ಹಸಿರನ್ನಂತೂ ಖಾಸಗಿ ವಾಹನಕ್ಕೆ ಹಾಕುವಂತೆಯೇ ಇಲ್ಲ.

ಬಣ್ಣ ಮುಗಿದ ಮೇಲೆ ಬಾಗಿಲುಗಳ ತಳದಲ್ಲಿರುವ ನೀರು ಹೋಗುವ ತೂತುಗಳು ಪುಟ್ಟಿ ಅಥವಾ ಬಣ್ಣದಿಂದ ಮುಚ್ಚಿಹೋಗಿವೆಯೇ ಎಂದು ತಂತಿ ತೂರಿಸಿ ನೋಡಿ, ಬಾಗಿಲು ಮತ್ತು ಕೆಳತಗಡಿನ ಒಳಗೆ ತುಕ್ಕು ತಡೆಯುವ ಮೇಣದೆಣ್ಣೆಯನ್ನು ಉದ್ದ ಕೊಳವೆಯಿಂದ ಹೊಡೆಸಿ. ಈ ಭಾಗಗಳು ಒಳಗಿನಿಂದಲೇ ಕೊಳೆಯಲು ಶುರುವಾಗುತ್ತವೆ, ಹೊರಗೆ ಹೊಡೆದ ಯಾವ ಪ್ರೈಮರೂ ಅಲ್ಲಿಗೆ ತಲುಪುವುದಿಲ್ಲ.