ಹುಟ್ಟಿದ ಮಗುವೂ ಪಾಪಿಯೇ? ಕ್ರೈಸ್ತ ಬೋಧನೆಯಲ್ಲಿ ಮೂಲಪಾಪ

ಏನೂ ಅರಿಯದ ಹಸುಗೂಸನ್ನು ಪಾಪಿಯೆನ್ನುವುದು ನ್ಯಾಯವೇ ಎಂದು ಕೇಳಿದ್ದೀರಿ. ಮೂಲಪಾಪದ ಬೋಧನೆಯು ಮಗು ತಾನಾಗಿ ತಪ್ಪು ಮಾಡಿದೆ ಎನ್ನುವುದಿಲ್ಲ. ದೇವರಿಂದ ದೂರವಾದ ಮಾನವಕುಲದಲ್ಲಿ ಹುಟ್ಟಿರುವುದರಿಂದ ಅದರ ಸ್ವಭಾವದಲ್ಲೇ ಕೆಡುಕಿನತ್ತ ಒಲವಿದೆ ಎನ್ನುತ್ತದೆ. ನಮ್ಮ ಚಿತ್ರದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದಾಗ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದಲ್ಲವೇ. ಮೇಲಿನ ನೀರು ಕದಡಿದ್ದರೆ, ಕೆಳಗಿನ ಹೊಂಡದ ತಪ್ಪೇನೂ ಇಲ್ಲದೆಯೇ ಅಲ್ಲಿಗೂ ಬಗ್ಗಡ ಬರುತ್ತದೆ. (ಹೋಲಿಕೆ ಅಪೂರ್ಣ: ನೀರಿಗೆ ಇಚ್ಛೆಯಿಲ್ಲ, ಮನುಷ್ಯನಿಗಿದೆ.)

ಒಬ್ಬ ಮನುಷ್ಯನಿಂದ, ಅಂದರೆ ದೇವರ ಆಜ್ಞೆ ಮೀರಿದ ಮೊದಲ ಮನುಷ್ಯ ಆದಾಮನಿಂದ, ಪಾಪವು ಲೋಕವನ್ನು ಪ್ರವೇಶಿಸಿತೆಂಬ ಅಪೊಸ್ತಲ ಪೌಲನ ಮಾತು (ಬೈಬಲ್, ರೋಮಾಪುರದವರಿಗೆ 5:12) ಇದಕ್ಕೆ ಆಧಾರ. ಮನುಷ್ಯನು ಸ್ವಂತ ಬಲದಿಂದಲೇ ಪಾಪವಿಲ್ಲದೆ ಬಾಳಬಲ್ಲನೆಂದ ಪೆಲಾಗಿಯಸನೆಂಬ ಬೋಧಕನನ್ನು ಎದುರಿಸಿದ ಬಿಷಪ್ ಅಗಸ್ಟೀನ್, ಆದಾಮನ ಅಪರಾಧವೂ ಸಂತತಿಗೆ ಅಂಟುತ್ತದೆಂದು ವಾದಿಸಿದನು. 418ರಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜಿನಲ್ಲಿ ಸೇರಿದ ಬಿಷಪ್ಪರ ಸಭೆಯು ಪೆಲಾಗಿಯಸನ ಮತವನ್ನು ತಿರಸ್ಕರಿಸಿತು. ಮುಂದೆ ಪ್ರೊಟೆಸ್ಟಂಟ್ ಸುಧಾರಕ ಕ್ಯಾಲ್ವಿನ್ ಮನುಷ್ಯಸ್ವಭಾವದ ಯಾವ ಭಾಗವೂ ಕೆಡದೆ ಉಳಿದಿಲ್ಲವೆಂದರೆ, ಕಥೋಲಿಕ ಸಭೆಯು ಅದು ಗಾಯಗೊಂಡಿದೆ, ಪೂರ್ತಿ ಕೆಟ್ಟಿಲ್ಲ ಎನ್ನುತ್ತದೆ. ಪೂರ್ವದ ಆರ್ಥೊಡಾಕ್ಸ್ ಸಭೆಯ ಪ್ರಕಾರವಂತೂ ಆದಾಮನಿಂದ ನಮಗೆ ಬಂದದ್ದು ಮರಣವೇ ಹೊರತು ಅವನ ಅಪರಾಧವಲ್ಲ. ನಿಮ್ಮ ಆಕ್ಷೇಪಕ್ಕೆ ನೇರವಾಗಿ ಉತ್ತರಿಸುವ ನಿಲುವು ಇದೇ ಎಂದು ನನಗೆ ತೋರುತ್ತದೆ.