ಸಣ್ಣ ತಳಿವ್ಯತ್ಯಾಸವನ್ನು ನಂಬಿ ಔಷಧಿ ತಯಾರಿಸಬಹುದೇ?

ಪ್ರಶ್ನೆ: ಹೃದ್ರೋಗ, ಮಧುಮೇಹಗಳಿಗೆ ಸಂಬಂಧಿಸಿದ ನೂರಾರು ಡಿಎನ್‌ಎ ವ್ಯತ್ಯಾಸಗಳು ಪತ್ತೆಯಾಗಿವೆ ಎಂದು ಓದಿದ್ದೇನೆ. ಆದರೆ ಅವುಗಳಲ್ಲಿ ಹೆಚ್ಚಿನವು ಕಾಯಿಲೆಯ ಸಾಧ್ಯತೆಯನ್ನು ಅತ್ಯಲ್ಪವಾಗಿ ಮಾತ್ರ ಹೆಚ್ಚಿಸುತ್ತವಂತೆ. ಇಷ್ಟು ದುರ್ಬಲ ಸುಳಿವಿನಿಂದ ಔಷಧಿ ಹುಟ್ಟುವುದು ಹೇಗೆ?

ಉತ್ತರ: ನಿಮ್ಮ ಸಂದೇಹ ಸಹಜವಾದದ್ದು. ಆದರೆ ಒಂದು ವಂಶವಾಹಿಯಲ್ಲಿನ ವ್ಯತ್ಯಾಸ ಎಷ್ಟು ಪರಿಣಾಮ ಬೀರುತ್ತದೆ ಎಂಬುದು ಬೇರೆ, ಆ ವಂಶವಾಹಿಯ ಕೆಲಸವನ್ನು ಔಷಧಿಯಿಂದ ತಡೆದರೆ ಏನಾಗುತ್ತದೆ ಎಂಬುದು ಬೇರೆ. ಎಚ್‌ಎಂಜಿಸಿಆರ್ ಎಂಬ ವಂಶವಾಹಿಯಲ್ಲಿ ಸಾಮಾನ್ಯವಾಗಿ ಕಾಣುವ ವ್ಯತ್ಯಾಸಗಳು 'ಕೆಟ್ಟ ಕೊಲೆಸ್ಟರಾಲ್' ಎನ್ನಿಸಿಕೊಂಡ ಎಲ್‌ಡಿಎಲ್ ಕೊಲೆಸ್ಟರಾಲನ್ನು ತುಸುವೇ ಬದಲಿಸುತ್ತವೆ. ಅದೇ ವಂಶವಾಹಿಯಿಂದ ತಯಾರಾಗುವ ಕಿಣ್ವವನ್ನು ತಡೆಯುವ ಸ್ಟ್ಯಾಟಿನ್ ಔಷಧಿಗಳಾದರೋ ಅದನ್ನು ಅರ್ಧದಷ್ಟು ಇಳಿಸಬಲ್ಲವು. ವ್ಯತ್ಯಾಸ ಸಣ್ಣದಾದರೂ ಅದು ತೋರಿಸುವ ಜಾಗ ಮುಖ್ಯವಾದದ್ದಾಗಿರಬಹುದು.

ಈ ಸುಳಿವನ್ನು ನಂಬಲು ಇನ್ನೂ ಬಲವಾದ ಕಾರಣವಿದೆ. ರಕ್ತದಲ್ಲಿ ಯಾವುದೋ ಅಂಶ ಹೆಚ್ಚಿರುವವರಿಗೆ ಕಾಯಿಲೆಯೂ ಹೆಚ್ಚಾಗಿ ಕಂಡರೆ, ಆ ಅಂಶವೇ ಕಾಯಿಲೆಗೆ ಕಾರಣವೋ, ಕಾಯಿಲೆಯೇ ಅದನ್ನು ಹೆಚ್ಚಿಸಿತೋ ಎಂದು ಹೇಳುವುದು ಕಷ್ಟ. ತಂದೆತಾಯಿಯರಿಂದ ಯಾವ ವಂಶವಾಹಿ ಬರುತ್ತದೆ ಎಂಬುದು ಚೀಟಿ ಎತ್ತಿದಂತೆ ಗರ್ಭದಲ್ಲೇ ತೀರ್ಮಾನವಾಗುವುದರಿಂದ, ಮುಂದೆ ಬರುವ ಕಾಯಿಲೆ ಅದನ್ನು ಬದಲಿಸಲಾರದು. ಔಷಧಿಯ ಪ್ರಯೋಗವನ್ನು ಮನುಷ್ಯ ಆರಂಭಿಸುವ ಮೊದಲೇ ಪ್ರಕೃತಿ ನಡೆಸಿಟ್ಟಂತೆ ಇದು.

ಪಿಸಿಎಸ್‌ಕೆ9 ಇದಕ್ಕೆ ನಾನು ಕಂಡ ಅತ್ಯುತ್ತಮ ನಿದರ್ಶನ. ಈ ವಂಶವಾಹಿ ಅತಿಯಾಗಿ ಕೆಲಸ ಮಾಡಿದಾಗ ಕೊಲೆಸ್ಟರಾಲ್ ಏರುತ್ತದೆ ಎಂಬುದು 2003ರಲ್ಲಿ ಫ್ರಾನ್ಸಿನ ಕೆಲವು ಕುಟುಂಬಗಳ ಅಧ್ಯಯನದಿಂದ ತಿಳಿಯಿತು. 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಇದೇ ವಂಶವಾಹಿಯನ್ನು ನಿಷ್ಕ್ರಿಯಗೊಳಿಸುವ ವ್ಯತ್ಯಾಸವುಳ್ಳ ಕಪ್ಪುವರ್ಣೀಯರಲ್ಲಿ ಎಲ್‌ಡಿಎಲ್ ಶೇ. 28ರಷ್ಟು, ಹೃದಯದ ರಕ್ತನಾಳಗಳ ಕಾಯಿಲೆಯ ಅಪಾಯ ಶೇ. 88ರಷ್ಟು ಕಡಿಮೆಯಿತ್ತು. ಅಪಾಯ ಇಷ್ಟೊಂದು ಇಳಿದದ್ದು, ಹುಟ್ಟಿನಿಂದಲೇ ಕೊಲೆಸ್ಟರಾಲ್ ಕಡಿಮೆಯಿದ್ದುದರಿಂದ ಎಂದು ತಿಳಿಯಲಾಗಿದೆ. ನಡುವಯಸ್ಸಿನಲ್ಲಿ ಆರಂಭಿಸಿದ ಔಷಧಿಯಿಂದ ಅಷ್ಟನ್ನೇ ನಿರೀಕ್ಷಿಸಲಾಗದು. ಆದರೂ ಈ ವಂಶವಾಹಿಯಿಂದ ತಯಾರಾಗುವ ಪ್ರೋಟೀನನ್ನು ತಡೆಯುವ ಎರಡು ಚುಚ್ಚುಮದ್ದುಗಳಿಗೆ 2015ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಯಾವ ದಾರಿ ತಪ್ಪು ಎಂಬುದನ್ನೂ ಇದೇ ವಿಧಾನ ತೋರಿಸಿಕೊಡುತ್ತದೆ. 'ಒಳ್ಳೆಯ ಕೊಲೆಸ್ಟರಾಲ್' ಎನ್ನಿಸಿಕೊಂಡ ಎಚ್‌ಡಿಎಲ್ಅನ್ನು ಏರಿಸುತ್ತಿದ್ದ ಟಾರ್ಸೆಟ್ರಾಪಿಬ್ ಎಂಬ ಔಷಧಿಯ ಬೃಹತ್ ಪ್ರಯೋಗವನ್ನು, ಸೇವಿಸಿದವರಲ್ಲಿ ಸಾವುಗಳು ಹೆಚ್ಚಿದ್ದರಿಂದ, 2006ರಲ್ಲಿ ನಿಲ್ಲಿಸಬೇಕಾಯಿತು. ಎಚ್‌ಡಿಎಲ್ ಹೆಚ್ಚಿಸುವ ತಳಿವ್ಯತ್ಯಾಸವೊಂದು ಹೃದಯಾಘಾತವನ್ನು ಕಡಿಮೆ ಮಾಡುವುದಿಲ್ಲ ಎಂಬ ಫಲಿತಾಂಶ ಬಂದದ್ದು 2012ರಲ್ಲಿ. ಅದು ಮೊದಲೇ ಗೊತ್ತಿದ್ದಿದ್ದರೆ ಎಂದು ಯೋಚಿಸಿದಾಗ ಮನಸ್ಸು ಭಾರವಾಗುತ್ತದೆ.

ಎಚ್ಚರಿಕೆಯೂ ಬೇಕು. ಡಿಎನ್‌ಎಯ ಲಕ್ಷಗಟ್ಟಲೆ ಜಾಗಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಕೆಲವು ಕಾಯಿಲೆಯೊಂದಿಗೆ ಆಕಸ್ಮಿಕವಾಗಿಯೇ ಹೊಂದಿಕೊಳ್ಳುವುದರಿಂದ, ಅಂತಹ ಆಕಸ್ಮಿಕದ ಸಂಭವ 10 ಕೋಟಿಯಲ್ಲಿ 5ಕ್ಕಿಂತ ಕಡಿಮೆಯಿದ್ದರೆ ಮಾತ್ರ ಫಲಿತಾಂಶವನ್ನು ಒಪ್ಪುವುದು ರೂಢಿ. ಒಪ್ಪಿದ ಮೇಲೂ, ಅಕ್ಕಪಕ್ಕದ ವ್ಯತ್ಯಾಸಗಳು ಜೊತೆಯಾಗಿಯೇ ಮುಂದಿನ ಪೀಳಿಗೆಗೆ ಸಾಗುವುದರಿಂದ ನಿಜವಾದ ಕಾರಣ ಯಾವುದೆಂದು ಬೇರ್ಪಡಿಸಲು ಪ್ರಯೋಗಾಲಯದ ಕೆಲಸ ಬೇಕಾಗುತ್ತದೆ. ಇಂದಿಗೂ ಇಂತಹ ಅಧ್ಯಯನಗಳಲ್ಲಿ ಪಾಲ್ಗೊಂಡವರಲ್ಲಿ ಬಹುಪಾಲು ಯುರೋಪಿನ ಮೂಲದವರು. ಪಿಸಿಎಸ್‌ಕೆ9ನ್ನು ನಿಷ್ಕ್ರಿಯಗೊಳಿಸುವ ಆ ವ್ಯತ್ಯಾಸಗಳು ಅವರಲ್ಲಿ ತೀರಾ ವಿರಳ; ಅವರನ್ನಷ್ಟೇ ಪರೀಕ್ಷಿಸಿದ್ದರೆ ಅವು ಬಹುಶಃ ಕಣ್ಣಿಗೇ ಬೀಳುತ್ತಿರಲಿಲ್ಲ.